ಮುದ್ದೆಮಾಲು

ಆಲೂರು ತಾಲ್ಲೂಕು, ರಾಯರಕೊಪ್ಪಲಿನಿಂದಾಚೆ
ಮುಸುಕಿನ ಜೋಳದ ಹೊಲಕ್ಕೆ ಬೆನ್ನು ಕೊಟ್ಟ ಶೀಟಿನ ಮನೆ.
ಬೆಳಗಿನ ಹನ್ನೊಂದು ಗಂಟೆ.
ಹಿತ್ತಲಲ್ಲಿ ಮೂರು ಕಲ್ಲಿನ ಒಲೆ, ಮೇಲೊಂದು
ತಳ ಸುಟ್ಟ ಅಲ್ಯೂಮಿನಿಯಂ ಪಾತ್ರೆ,
ಅದರಲ್ಲಿ ನುಚ್ಚಿನ ಜೊತೆ ಕುದಿಯುತ್ತಿದ್ದ
ಕಾಡುಹಂದಿ ಮಾಂಸ, ಅಂದಾಜು ಒಂದೂವರೆ ಕೇಜಿ.
ಇಷ್ಟನ್ನು ಬರೆದೆ. ಇಷ್ಟು ಸುಲಭ.

ಪಂಚರು: ಹಾಲಿನ ಡೈರಿಯ ಮಲ್ಲಾಜಪ್ಪ,
ಲಗೇಜ್ ಆಟೋದ ಇದ್ರೀಸ್.
ಇಬ್ಬರೂ ಹಂದಿ ಮುಟ್ಟದವರು.
ಗಾಳಿಗೆ ಬೆನ್ನು ಹಾಕಿ ನಿಂತು
ಸಹಿ ಎಲ್ಲಿ ಎಂದು ಆಗಲೇ ಕೇಳುತ್ತಿದ್ದರು.

ಗೌರಾಜಮ್ಮ ಮೂಗಿಗೆ ಸೆರಗು ಒತ್ತಿ
ಕೋಲಿನಿಂದ ತಿರುವುತ್ತಿದ್ದಳು.
"ನಾ ತಿನ್ನಾಕಲ್ಲ ಸ್ವಾಮಿ. ಈ ಕೈಲಿ ಲಿಂಗ ಹಿಡೀತೀನಿ,
ಅದಕ್ಕೇ ಸೌಟು ಮುಟ್ಟಿಸಿಲ್ಲ, ನೋಡಿ.
ಅದು ಬಾಣಂತಿ. ಆರು ಮರಿ.
ಬರೀ ಗಂಜೀಲಿ ಹಾಲೆಲ್ಲಿಂದ ಬಂದಾತು?"

ಉಳಿದ ಹಂದಿ ಎಲ್ಲಿ?
ರಾತ್ರೀನೇ ಯಾರೋ ಹೊತ್ತುಕೊಂಡು ಹೋದರಂತೆ.
ಯಾರು? ಕತ್ತಲಂತೆ.
ಈ ವಲಯದಲ್ಲಿ ನಾಯಿಯ ಹೆಸರಲ್ಲಿ ನಡೆದ ಊಟಗಳು
ನನಗೆ ಗೊತ್ತು. ನಾಯಿಗೆ ಮೂಳೆ, ಕೇಸಿಗೆ ನಾಯಿ.

ಹೇಳಿದೆ, ಇಲಾಖೆಯ ಕನ್ನಡದಲ್ಲಿ:
ಗುಂಡಿಗೆ ಸತ್ತರೂ, ಉರುಳಿಗೆ ಸತ್ತರೂ, ಸುಮ್ಮನೆ ಬಿದ್ದು ಸತ್ತರೂ
ಅದು ಸರ್ಕಾರದ್ದು, ಮೂತಿಯಿಂದ ಗೊರಸಿನವರೆಗೆ.
ಅನುಮತಿ ಪಡೆದು ಕೊಂದದ್ದನ್ನೂ ಸುಡಬೇಕು.
ತಿನ್ನುವಂತಿಲ್ಲ, ತಿನ್ನಿಸುವಂತಿಲ್ಲ.
ಅವಳು ಕೋಲು ನಿಲ್ಲಿಸದೆ ಕೇಳಿದಳು:
"ಸುಟ್ಟಿದ್ದು ಯಾರ ಹೊಟ್ಟೆಗೆ ಹೋಯ್ತದೆ?"

ಹಾಸನದ ಕ್ವಾರ್ಟರ್ಸಿನಲ್ಲಿ ನನ್ನದೂ ಒಂದು ನಾಯಿ ಇದೆ.
ಭಾನುವಾರ ಕೋಳಿ ಅಂಗಡಿಯಿಂದ
ಕಾಲು, ತಲೆ, ಕರುಳು, ಮೂವತ್ತು ರೂಪಾಯಿಗೆ ಒಂದು ಕವರು.
ಆ ಕೋಳಿಗಳು ನಲವತ್ತು ದಿನ ಬದುಕಿದ್ದವು,
ಒಮ್ಮೆಯೂ ಮಣ್ಣು ಕೆದಕದೆ.
ಅದಕ್ಕೆ ಯಾವ ಕಲಮೂ ಇಲ್ಲ.
ಈ ಹಂದಿ ಮೊನ್ನೆ ರಾತ್ರಿಯವರೆಗೂ
ಹಂದಿಯಾಗಿಯೇ ಇತ್ತು.
ಇದನ್ನು ಅವಳಿಗೆ ಹೇಳಲಿಲ್ಲ.

ನಾಯಿ ಟ್ರೇಲರ್ ಅಡಿಯಲ್ಲಿ ಮಲಗಿತ್ತು,
ಹೊಟ್ಟೆಗೆ ಆರು ಬಾಯಿ ಕಚ್ಚಿಕೊಂಡಿದ್ದವು.
ಹಿಂಗಾಲಿನ ಸುತ್ತ ಕೂದಲು ಹುಟ್ಟದ ಒಂದು ಬಳೆ.
"ಇದೂವೆ ಹೋದ್ವರ್ಷ ಅದೇ ಬೇಲೀಲಿ ಸಿಕ್ಕಾಕಂಡು..."
ಎಂದವಳು ನಿಲ್ಲಿಸಿದಳು. ಕೋಲೂ ನಿಂತಿತು.
ಅದೇ ಬೇಲಿ. ಅವಳ ಬೇಲಿ. ಹೋದ ವರ್ಷದಿಂದ.
ಇದ್ರೀಸ್ ನೆಲ ನೋಡಿದ.
ಪೆನ್ನು ಎತ್ತಿ ಹಿಡಿದೆ, ಸ್ವಲ್ಪ ಹೊತ್ತು.
ಬರೆದೆ. ಕ್ಲಚ್ಚಿನ ತಂತಿಗೆ ಹಂದಿ, ಕಬ್ಬೆಕ್ಕು, ಚಿರತೆ ಮರಿ
ಯಾವುದೂ ಬೇರೆ ಬೇರೆಯಲ್ಲ.
ಹಸಿದ ಬಾಣಂತಿಯೂ ಬೇರೆಯಲ್ಲ.

ಮಾದರಿಗೆಂದು ಒಂದು ತುಂಡು ಬಾಟಲಿಗೆ.
ಉಳಿದದ್ದಕ್ಕೆ ಗುಂಡಿ, ಸೌದೆ.
ಸೀಮೆಎಣ್ಣೆ ಸಿಗಲಿಲ್ಲ, ಆಟೋದ ಡೀಸೆಲ್ ಸುರಿದೆವು.
ಮೊದಲು ಹೊಗೆ ನಾರಿತು. ಆಮೇಲೆ ಕೊಬ್ಬು ಹತ್ತಿಕೊಂಡಿತು,
ಚಿಟಚಿಟ ಎಂದಿತು,
ನನ್ನ ಬಾಯಲ್ಲಿ ನೀರು ಬಂತು.
ಪಂಚರು ಅದನ್ನು ನೋಡಲಿಲ್ಲ,
ನೋಡಿದ್ದರೂ ಬರೆಯಲು ಕಾಲಂ ಇರಲಿಲ್ಲ.
ಮರಿಗಳನ್ನು ಕಳಚಿಕೊಂಡು ನಾಯಿ ಎದ್ದು ಬಂತು.
ಬೆಂಕಿಗೆ ಮೂರು ಮಾರು ದೂರದಲ್ಲಿ ಕುಳಿತು
ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿತು.

ಉಳಿದದ್ದು ಪಾತ್ರೆ. ಮುದ್ದೆಮಾಲು.
"ಮುದ್ದೆಗೆ ಇನ್ಯಾವ ಪಾತ್ರೆ ಇಡ್ಲಿ?" ಎಂದಳು ಗೌರಾಜಮ್ಮ,
ಅವಳಿಗೆ ಆ ಪದ ಹಾಗೇ ಕೇಳಿಸಿತ್ತು.
ತಳದಲ್ಲಿ ನುಚ್ಚು ಅಂಟಿತ್ತು, ನುಚ್ಚಿನಲ್ಲಿ ರಸ.
ಬಿಸಿ ಆರಲಿ ಎಂದು ಕಲ್ಲಿನ ಮೇಲಿಟ್ಟು
ಆ ಕಡೆ ತಿರುಗಿ ಸಹಿ ಹಾಕಿಸಿಕೊಂಡೆ,
ಪುಟಕ್ಕೊಂದು, ಮೂರು ಪ್ರತಿಗೂ, ನಿಧಾನವಾಗಿ.
ಬೆನ್ನ ಹಿಂದೆ ಅಲ್ಯೂಮಿನಿಯಂ
ಕಲ್ಲಿಗೆ ಉಜ್ಜುವ ಸದ್ದು ಬಹಳ ಹೊತ್ತು.

ತಿರುಗಿ ಬರೆದೆ:
ಪಾತ್ರೆ, ಒಂದು. ಖಾಲಿ.